ಚಿತ್ರದ ಅಡಿಯಲ್ಲಿ ಯಾರ ಮಾತು?: ಸಾಕ್ಷ್ಯಚಿತ್ರ ಮತ್ತು ಬರವಣಿಗೆಗಳ ಸಹಾಧ್ಯಯನ

೧

ಇಂಗ್ಲಿಷಿನ ‘ಡಾಕ್ಯುಮೆಂಟರಿ’ ಎಂಬ ಮಾತಿಗೆ ಕನ್ನಡದಲ್ಲಿ ‘ಸಾಕ್ಷ್ಯಚಿತ್ರ’ ಎಂಬ ಪದ ನೆಲೆನಿಂತಿದೆ. ಮೂಲದ ಮಾತು ದಸ್ತಾವೇಜಿಗೆ ಸಂಬಂಧಿಸಿದುದು. ನಮ್ಮ ಮಾತು ಸಾಕ್ಷಿಗೆ ಸಂಬಂಧಿಸಿದುದು. ಇವೆರಡರ ಅಂತರ ಅಲ್ಪವಲ್ಲ. ದಸ್ತಾವೇಜನ್ನು ಪೆಟ್ಟಿಗೆಯಲ್ಲಿಟ್ಟು ಬೇಕಾದಾಗ ಹೊರತೆಗೆಯಬಹುದು. ಸಾಕ್ಷಿಯಾದರೋ ಕಟಕಟೆಯಲ್ಲಿ ನಿಂತು ತಾನು ಕಂಡುದನ್ನು ತನ್ನ ಬಾಯಿಂದಲೇ ನುಡಿಯಬೇಕು. ಪಾಟೀಸವಾಲಿಗೆ ಉತ್ತರ ಕೊಡಬೇಕು. ಛಾಯಾಚಿತ್ರಕ್ಕೆ ಈ ಶಕ್ತಿಯಿಲ್ಲ. ಹರಿದ ಬಟ್ಟೆಯುಟ್ಟ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಿರುವುದನ್ನು ಅದು ತೋರಿಸಬಲ್ಲುದು. ಆಕೆ ಯಾರು, ಅಲ್ಲಿ ಏಕೆ ನಿಂತಿದ್ದಾಳೆ, ಆ ಗಳಿಗೆಯಲ್ಲಿ ಏನು ಹೇಳಿದಳು ಎಂಬುದನ್ನು ತೋರಿಸಲಾರದು. ಆದಕಾರಣ ಚಿತ್ರದ ಪರವಾಗಿ ಬೇರೆ ಯಾರೋ ಮಾತನಾಡಬೇಕಾಗುತ್ತದೆ. ಆ ಮಾತು ಚಿತ್ರದ ಅಡಿಯಲ್ಲಿಯೋ ಪಕ್ಕದಲ್ಲಿಯೋ ಅಚ್ಚಾಗುತ್ತದೆ. ಓದುಗನು ಚಿತ್ರವನ್ನು ಕಣ್ಣಾರೆ ಕಂಡು ನಂಬುತ್ತಾನೆ; ಆ ನಂಬಿಕೆಯಲ್ಲಿಯೇ ಅಡಿಯ ಮಾತನ್ನೂ ನಂಬಿಬಿಡುತ್ತಾನೆ. ಕಣ್ಣು ಕೊಟ್ಟ ಪ್ರಮಾಣ ಹೀಗೆ ಕಿವಿಗೆ ತಿಳಿಯದಂತೆ ಮಾತಿಗೆ ವರ್ಗವಾಗುತ್ತದೆ.

ಸಾಕ್ಷ್ಯಚಿತ್ರವೆಂಬ ಹೆಸರು ಇಂದು ಚಲಚ್ಚಿತ್ರಕ್ಕೆ ಹೆಚ್ಚು ರೂಢಿಯಾಗಿರುವುದು ನಿಜ. ೧೯೨೬ರಲ್ಲಿ ಜಾನ್ ಗ್ರಿಯರ್‌ಸನ್ ‘ಡಾಕ್ಯುಮೆಂಟರಿ’ ಎಂಬ ಮಾತನ್ನು ವಿಮರ್ಶೆಯಲ್ಲಿ ಬಳಸಿದುದೂ ‘ಮೊವಾನಾ’ ಎಂಬ ಚಲಚ್ಚಿತ್ರವನ್ನು ಕುರಿತೇ. ಆದರೆ ಪ್ರಕೃತ ಲೇಖನದಲ್ಲಿ ನಾವು ಆ ಹೆಸರನ್ನು ಸ್ಥಿರವಾದ ಛಾಯಾಚಿತ್ರಕ್ಕೆ, ಅದರಲ್ಲಿಯೂ ಬರಹದೊಡನೆ ಪುಸ್ತಕರೂಪದಲ್ಲಿ ಹೊರಬಂದ ಛಾಯಾಚಿತ್ರಕ್ಕೆ ಅನ್ವಯಿಸಿಕೊಳ್ಳುತ್ತೇವೆ. ಇಂಥ ಪುಸ್ತಕಗಳನ್ನು ಸಾಹಿತ್ಯದ ವಿಭಾಗದವರು ಗದ್ಯಕ್ಕಾಗಿ ಓದುತ್ತಾರೆ. ಕಲೆಯ ವಿಭಾಗದವರು ಚಿತ್ರಕ್ಕಾಗಿ ನೋಡುತ್ತಾರೆ. ಒಬ್ಬರಿಗೆ ಚಿತ್ರ ಅಲಂಕಾರ, ಇನ್ನೊಬ್ಬರಿಗೆ ಬರಹ ಟಿಪ್ಪಣಿ. ಇವೆರಡರ ನಡುವೆ ಇರುವ ಸಂಬಂಧವೇ ಆ ಕೃತಿಗಳ ಜೀವಾಳವಾದುದರಿಂದ ಇಬ್ಬರ ಕೈಗೂ ಅದು ಸಿಕ್ಕುವುದಿಲ್ಲ. ಆ ಸಂಬಂಧವನ್ನು ಪರೀಕ್ಷಿಸಲು ‘ಅಡಿಯಲ್ಲಿರುವ ಮಾತು ಯಾರದು?’ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಹೊರಡುವುದು ಉಚಿತವೆಂದು ನಮಗೆ ತೋರುತ್ತದೆ. ಈ ಪ್ರಶ್ನೆಯನ್ನು ಹಾಕಿಕೊಂಡರೆ ಈವರೆಗೆ ರೂಢಿಯಲ್ಲಿರುವ ತಾರತಮ್ಯ ಸ್ವಲ್ಪ ಮಟ್ಟಿಗೆ ಬದಲಾಗಬೇಕಾಗುತ್ತದೆ ಎಂಬುದನ್ನೂ ಮುಂದೆ ತೋರಿಸಲು ಯತ್ನಿಸುತ್ತೇವೆ.

೨

ಪರೀಕ್ಷೆಗೆ ನಾವು ಆಯ್ದುಕೊಂಡಿರುವುದು ೧೯೩೭ರಿಂದ ೧೯೪೧ರ ವರೆಗೆ ಅಮೆರಿಕದಲ್ಲಿ ಹೊರಬಂದ ಕೆಲವು ಪುಸ್ತಕಗಳನ್ನು. ಲೇಖಕನೂ ಛಾಯಾಗ್ರಾಹಕನೂ ಜೊತೆಯಾಗಿ ಹಳ್ಳಿಗಳನ್ನು ಸುತ್ತಿ, ಜೊತೆಯಾಗಿ ಪುಸ್ತಕ ಕಟ್ಟಿದ ನಿದರ್ಶನಗಳು ಇಷ್ಟು ಕಡಮೆ ಅವಧಿಯಲ್ಲಿ ಇಷ್ಟು ಒತ್ತಾಗಿ ಬೇರೆಡೆ ದೊರೆಯುವುದು ವಿರಳ. ಇದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ೧೯೨೯ರ ಆರ್ಥಿಕ ಕುಸಿತದ ಬಳಿಕ ಹತ್ತಿಯ ಸೀಮೆಯ ಗೇಣಿದಾರರು ಸಾಲದಲ್ಲಿ ಮುಳುಗಿದರು. ಟ್ರ್ಯಾಕ್ಟರು ಬಂದು ಅವರ ಕೈಕೆಲಸವನ್ನು ಕಿತ್ತುಕೊಂಡಿತು. ಬಯಲುಸೀಮೆಯಲ್ಲಿ ಮಳೆ ಹೋಗಿ ಮಣ್ಣು ಧೂಳಾಗಿ ಹಾರಿತು. ಸಾವಿರಾರು ಸಂಸಾರಗಳು ಹಳೆಯ ಮೋಟಾರುಗಳಲ್ಲಿ ಸಾಮಾನು ಹೇರಿಕೊಂಡು ಕ್ಯಾಲಿಫೋರ್ನಿಯದ ಕಡೆ ಹೊರಟವು.

ಇವರ ನೆರವಿಗಾಗಿ ೧೯೩೫ರಲ್ಲಿ ಏರ್ಪಟ್ಟು, ೧೯೩೭ರಲ್ಲಿ ‘ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್’ ಎಂಬ ಹೆಸರು ಪಡೆದ ಸರ್ಕಾರಿ ಸಂಸ್ಥೆಯಲ್ಲಿ ರಾಯ್ ಸ್ಟ್ರೈಕರ್ ಅವರ ಕೈಕೆಳಗೆ ಛಾಯಾಚಿತ್ರದ ಒಂದು ಶಾಖೆಯಿತ್ತು. ವಾಕರ್ ಎವನ್ಸ್, ಡೊರೊಥಿಯಾ ಲ್ಯಾಂಗ್ ಮೊದಲಾದವರು ಅಲ್ಲಿ ಕೆಲಸಮಾಡಿದರು. ಆ ಶಾಖೆಯ ಸಂಗ್ರಹ ಇಂದು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿದೆ. ಕಪ್ಪು ಬಿಳುಪಿನ ನೆಗೆಟಿವುಗಳೇ ಸುಮಾರು ೧,೭೫,೦೦೦. ಪತ್ರಿಕೆಗಳಿಗೂ ಪುಸ್ತಕಗಳಿಗೂ ಚಿತ್ರಗಳು ಅಲ್ಲಿಂದ ಹೋಗುತ್ತಿದ್ದವು. ಒಂದೇ ಚಿತ್ರ ಹಲವೆಡೆ ಹಲವು ಮಾತುಗಳನ್ನು ಅಡಿಯಲ್ಲಿಟ್ಟುಕೊಂಡು ಅಚ್ಚಾಗುವ ಅವಕಾಶವೂ ಹೀಗೆಯೇ ಒದಗಿತು. ಮಾತಿನಿಂದ ಚಿತ್ರಕ್ಕೆ ಏನಾಗುತ್ತದೆ ಎಂಬುದನ್ನು ತಿಳಿಯಲು ಇದಕ್ಕಿಂತ ಅನುಕೂಲವಾದ ಸಾಮಗ್ರಿ ಇಲ್ಲ.

೩

ಮೊದಲನೆಯದು ೧೯೩೭ರಲ್ಲಿ ಪ್ರಕಟವಾದ ‘ಯು ಹ್ಯಾವ್ ಸೀನ್ ದೇರ್ ಫೇಸಸ್’. ಬರಹ ಅರ್ಸ್ಕಿನ್ ಕಾಲ್ಡ್‌ವೆಲ್ ಅವರದು. ‘ಟೊಬ್ಯಾಕೊ ರೋಡ್’ ಎಂಬ ಕಾದಂಬರಿಯಿಂದ ಅವರು ಆಗಲೇ ಪ್ರಸಿದ್ಧರಾಗಿದ್ದರು. ಚಿತ್ರಗಳು ಮಾರ್ಗರೆಟ್ ಬರ್ಕ್-ವೈಟ್ ಅವರವು. ೧೯೪೬ರಲ್ಲಿ ಗಾಂಧೀಜಿಯವರನ್ನು ಚರಕದ ಪಕ್ಕದಲ್ಲಿ ಚಿತ್ರಿಸಿದ ಬರ್ಕ್-ವೈಟ್ ಈಕೆಯೇ. ದಕ್ಷಿಣ ರಾಜ್ಯಗಳ ಗೇಣಿದಾರರ ಸ್ಥಿತಿಯನ್ನು ಸಾವಿರಾರು ಓದುಗರ ಮನಸ್ಸಿಗೆ ತಂದ ಪುಸ್ತಕವಿದು. ಅದರ ಸದುದ್ದೇಶವನ್ನು ಯಾರೂ ಸಂದೇಹಿಸಬೇಕಾಗಿಲ್ಲ.

ಆದರೆ ಇದರಲ್ಲಿ ಪ್ರತಿಯೊಂದು ಮುಖದ ಅಡಿಯಲ್ಲಿಯೂ ಉತ್ತಮಪುರುಷದಲ್ಲಿ, ಉದ್ಧರಣ ಚಿಹ್ನೆಯ ಒಳಗೆ, ಒಂದೆರಡು ವಾಕ್ಯಗಳಿವೆ. ಚಿತ್ರದಲ್ಲಿರುವ ಮುದುಕನೋ ತಾಯಿಯೋ ಆ ಮಾತನ್ನಾಡಿದರೆಂದು ಓದುಗನು ಭಾವಿಸುವಂತೆ ಅವು ನಿಂತಿವೆ. ಆ ಮಾತುಗಳು ಚಿತ್ರದಲ್ಲಿರುವವರ ಭಾವನೆಗಳ ಬಗೆಗೆ ತಮ್ಮ ಸ್ವಂತ ಕಲ್ಪನೆಗಳೇ ಹೊರತು ಅವರ ನಿಜವಾದ ಅಭಿಪ್ರಾಯಗಳಲ್ಲ ಎಂದು ಗ್ರಂಥಕರ್ತರು ಪುಸ್ತಕದ ಮೊದಲಿನಲ್ಲಿಯೇ ಒಂದು ಸೂಚನೆಯಲ್ಲಿ ತಿಳಿಸಿದ್ದಾರೆ. ಇದು ಪ್ರಾಮಾಣಿಕತೆಯೇ ಸರಿ. ಆದರೂ ಮುನ್ನುಡಿಯ ಸೂಚನೆ ಒಂದು ಸಲ ಓದಿ ಬಿಡುವಂಥದು. ಚಿತ್ರದ ಅಡಿಯ ಮಾತು ಪುಟಪುಟಕ್ಕೂ ಎದುರಾಗುವಂಥದು. ನಾಟಕದಲ್ಲಿ ಪಾತ್ರಧಾರಿಯ ಬಾಯಲ್ಲಿ ಕವಿಯ ಮಾತು ಬಂದರೆ ಯಾರಿಗೂ ಅನ್ಯಾಯವಾಗುವುದಿಲ್ಲ. ಪಾತ್ರವೇ ಕವಿಯ ಸೃಷ್ಟಿ. ಇಲ್ಲಿಯಾದರೋ ಮುಖ ಸೃಷ್ಟಿಯಲ್ಲ. ಆ ಮುಖವುಳ್ಳವನು ಒಂದು ಊರಿನಲ್ಲಿ ಬದುಕಿದ್ದಾನೆ, ಅವನಿಗೆ ತನ್ನದೇ ಆದ ಮಾತುಂಟು. ಅದನ್ನು ಕೇಳದೆ, ಅವನ ಮುಖದ ಕೆಳಗೆ ಬೇರೊಂದನ್ನು ಇಟ್ಟಾಗ, ಇರುವ ಮಾತನ್ನು ಅಳಿಸಿದಂತೆಯೇ ಆಗುತ್ತದೆ.

ಇನ್ನೊಂದು ದೋಷವನ್ನೂ ಹೇಳಬೇಕು. ಕಲ್ಪಿತವಾದ ಮಾತು ಯಾವಾಗಲೂ ಓದುಗನು ನಿರೀಕ್ಷಿಸಿದ ಮಾತೇ ಆಗಿರುತ್ತದೆ. ಬಡವನು ನಿರಾಶೆಯ ಮಾತನ್ನಾಡಬೇಕು, ಮುದುಕಿ ದೈವದ ಮೇಲೆ ಭಾರ ಹಾಕಬೇಕು ಎಂಬುದು ಊರಿನ ಹೊರಗಿನವನ ಊಹೆ. ನಿಜವಾಗಿ ಕೇಳಿದ್ದರೆ ಬಡ್ಡಿಯ ಲೆಕ್ಕ, ಅಂಗಡಿಯವನ ತಕರಾರು, ಒಂದು ಹಾಸ್ಯ, ಒಂದು ಬೈಗುಳ ಹೊರಬರಬಹುದಿತ್ತು. ಕನಿಕರದಿಂದ ಹುಟ್ಟಿದ ಈ ಅಡಿಬರಹಗಳು ಕನಿಕರಕ್ಕೆ ಪಾತ್ರರಾದವರನ್ನು ಒಂದೇ ಅಚ್ಚಿಗೆ ಇಳಿಸಿಬಿಡುತ್ತವೆ.

೪

ಮಾತು ಚಿತ್ರವನ್ನು ಎಷ್ಟು ದೂರ ಕೊಂಡೊಯ್ಯಬಲ್ಲುದೆಂಬುದಕ್ಕೆ ೧೯೩೮ರಲ್ಲಿ ಹೊರಬಂದ ‘ಲ್ಯಾಂಡ್ ಆಫ್ ದಿ ಫ್ರೀ’ ಎಂಬ ಪುಸ್ತಕ ಒಳ್ಳೆಯ ನಿದರ್ಶನ. ಕವಿ ಆರ್ಚಿಬಾಲ್ಡ್ ಮ್ಯಾಕ್ಲೀಷ್ ಅವರು ಮೇಲೆ ಹೇಳಿದ ಸರ್ಕಾರಿ ಸಂಗ್ರಹದಿಂದ ಬಹುಮಟ್ಟಿಗೆ ಚಿತ್ರಗಳನ್ನು ಆಯ್ದು ಅವುಗಳೊಡನೆ ಒಂದು ದೀರ್ಘ ಕವನವನ್ನು ಜೋಡಿಸಿದರು. ಕವನಕ್ಕೆ ಚಿತ್ರಗಳನ್ನು ಒದಗಿಸಬೇಕೆಂದು ಹೊರಟ ತಾವು ಚಿತ್ರಗಳ ಬಲವನ್ನು ಕಂಡು ಕವನವನ್ನೇ ಚಿತ್ರಗಳಿಗೆ ಒದಗಿಸಬೇಕಾಯಿತೆಂದು ಅವರು ಹೇಳಿಕೊಂಡಿದ್ದಾರೆ. ವಿನಯದ ಈ ಮಾತನ್ನು ಒಪ್ಪಿಕೊಳ್ಳುವ ಮುನ್ನ ಒಂದು ಚಿತ್ರವನ್ನು ನೋಡೋಣ.

೧೯೩೬ರಲ್ಲಿ ಮಿಸಿಸಿಪ್ಪಿಯ ಕ್ಲಾರ್ಕ್ಸ್‌ಡೇಲ್ ಬಳಿ ಲ್ಯಾಂಗ್ ತೆಗೆದ ಛಾಯಾಚಿತ್ರವದು. ಹಳ್ಳಿಯ ಅಂಗಡಿಯ ಮುಂದೆ ದಪ್ಪ ದೇಹದ ಬಿಳಿಯ ಜಮೀನುದಾರನೊಬ್ಬ ಮೋಟಾರಿನ ಮೇಲೆ ಒಂದು ಕಾಲಿಟ್ಟು ನಿಂತಿದ್ದಾನೆ. ಅವನ ಹಿಂದೆ ಅಂಗಡಿಯ ಜಗಲಿಯ ಮೇಲೆ ಅವನ ಕೈಕೆಳಗಿನ ಕರಿಯ ಆಳುಗಳು ಇದ್ದಾರೆ. ಎಡದ ಅಂಚಿನಲ್ಲಿ ಆ ಜಮೀನುದಾರನನ್ನು ಮಾತಿಗೆಳೆದಿರುವ ಇನ್ನೊಬ್ಬರು ಅರ್ಧ ಕಾಣುತ್ತಾರೆ. ಅವರು ಲ್ಯಾಂಗ್ ಅವರ ಪತಿ ಪಾಲ್ ಟೇಲರ್. ಯಾರು ಯಾರ ಮುಂದೆ ನಿಂತಿದ್ದಾರೆ, ಯಾರು ಯಾರ ಹಿಂದೆ ಇದ್ದಾರೆ ಎಂಬುದರಲ್ಲಿಯೇ ಆ ಸೀಮೆಯ ಇಡೀ ಸಮಾಜ ಅಡಕವಾಗಿದೆ. ಮ್ಯಾಕ್ಲೀಷರ ಪುಸ್ತಕದಲ್ಲಿ ಈ ಚಿತ್ರ ಕತ್ತರಿಸಲ್ಪಟ್ಟಿತು. ಹಿಂದಿನ ಆಳುಗಳು ಹೋದರು, ಪ್ರಶ್ನೆ ಕೇಳುವವರೂ ಹೋದರು, ಬಿಳಿಯ ಮನುಷ್ಯನೊಬ್ಬನೇ ಉಳಿದನು. ಸ್ವತಂತ್ರನಾದ ಅಮೆರಿಕದ ಸಾಮಾನ್ಯ ಮನುಷ್ಯನನ್ನು ಕುರಿತ ಕವನಕ್ಕೆ ಅವನು ಪ್ರತೀಕವಾದನು. ಒಡೆತನದ ಚಿತ್ರ ಸ್ವಾತಂತ್ರ್ಯದ ಚಿತ್ರವಾಗಿ ಮಾರ್ಪಟ್ಟಿತು.

ಇಲ್ಲಿ ಸುಳ್ಳು ಎಲ್ಲಿದೆ? ಉಳಿದ ಭಾಗದಲ್ಲಿರುವುದೆಲ್ಲವೂ ನಿಜವೇ. ಕವನದ ಮಾತಿನಲ್ಲಿಯೂ ಅಸತ್ಯವಾದ ವಿವರವಿಲ್ಲ. ಎರಡನ್ನೂ ಹೊಂದಿಸುವುದಕ್ಕಾಗಿ ಮಾಡಿದ ಕತ್ತರಿಕೆಯಲ್ಲಿ ಅಸತ್ಯ ಹುಟ್ಟಿತು. ಮೂಲಪ್ರತಿಯೊಡನೆ ಹೋಲಿಸದ ಹೊರತು ಚಿತ್ರವನ್ನಷ್ಟೇ ನೋಡುವವರಿಗೂ ಕವನವನ್ನಷ್ಟೇ ಓದುವವರಿಗೂ ಇದು ಗೋಚರಿಸುವಂತಿಲ್ಲ. ಗ್ರಂಥಸಂಪಾದನೆಯಲ್ಲಿ ನಾವು ಹಸ್ತಪ್ರತಿಗಳ ಪಾಠಾಂತರಗಳನ್ನು ಹೋಲಿಸುವಂತೆಯೇ ಛಾಯಾಚಿತ್ರದ ಪಾಠಾಂತರಗಳನ್ನೂ ಹೋಲಿಸಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ.

೫

ಇಂಥ ಪುಸ್ತಕಗಳ ಪೈಕಿ ಅತ್ಯಂತ ಉನ್ನತವಾದುದೆಂದು ವಿಮರ್ಶಕರು ಸಾಮಾನ್ಯವಾಗಿ ಒಪ್ಪಿರುವುದು ಜೇಮ್ಸ್ ಏಜಿ ಮತ್ತು ವಾಕರ್ ಎವನ್ಸ್ ಅವರ ‘ಲೆಟ್ ಅಸ್ ನೌ ಪ್ರೇಸ್ ಫೇಮಸ್ ಮೆನ್’ ಎಂಬುದನ್ನು. ೧೯೩೬ರ ಬೇಸಗೆಯಲ್ಲಿ ‘ಫಾರ್ಚ್ಯೂನ್’ ಪತ್ರಿಕೆ ಇವರಿಬ್ಬರನ್ನು ಅಲಬಾಮಕ್ಕೆ ಕಳುಹಿಸಿತು. ಅವರು ಹೇಲ್ ಕೌಂಟಿಯಲ್ಲಿ ಮೂರು ಗೇಣಿದಾರ ಸಂಸಾರಗಳೊಡನೆ ಕೆಲವು ವಾರ ಕಳೆದರು. ಪತ್ರಿಕೆ ಆ ಲೇಖನವನ್ನು ಪ್ರಕಟಿಸಲಿಲ್ಲ. ಅದು ‘ಕಾಟನ್ ಟೆನೆಂಟ್ಸ್’ ಎಂಬ ಹೆಸರಿನಲ್ಲಿ ೨೦೧೩ರಲ್ಲಿ ಬೆಳಕು ಕಂಡಿತು. ಅದೇ ಅನುಭವವನ್ನು ಏಜಿ ವಿಸ್ತರಿಸಿ ಬರೆದ ಪುಸ್ತಕ ೧೯೪೧ರಲ್ಲಿ ಹೊರಬಂದು, ಕೆಲವು ನೂರು ಪ್ರತಿಗಳು ಮಾತ್ರ ಮಾರಾಟವಾಗಿ, ಮರೆತುಹೋಯಿತು. ಏಜಿ ೧೯೫೫ರಲ್ಲಿ ತೀರಿಕೊಂಡ ಬಳಿಕ, ೧೯೬೦ರಲ್ಲಿ, ಅದು ಮತ್ತೆ ಅಚ್ಚಾಗಿ ಕೀರ್ತಿ ಪಡೆಯಿತು. ಮೊದಲ ಮುದ್ರಣದಲ್ಲಿ ೩೧ ಚಿತ್ರಗಳಿದ್ದವು; ೧೯೬೦ರ ಮುದ್ರಣದಲ್ಲಿ ೬೨.

ಚಿತ್ರಗಳೆಲ್ಲ ಶೀರ್ಷಿಕೆಯ ಪುಟಕ್ಕಿಂತಲೂ ಮೊದಲೇ ಬರುವುದು ಈ ಪುಸ್ತಕದ ವೈಶಿಷ್ಟ್ಯ. ಅವುಗಳ ಅಡಿಯಲ್ಲಿ ಒಂದಕ್ಷರವೂ ಇಲ್ಲ. ಛಾಯಾಚಿತ್ರಗಳು ಬರಹಕ್ಕೆ ಉದಾಹರಣೆಗಳಲ್ಲ, ಎರಡೂ ಸಮಾನ, ಪರಸ್ಪರ ಸ್ವತಂತ್ರ, ಆದರೂ ಪೂರ್ಣ ಸಹಕಾರಿಗಳು ಎಂಬುದು ಏಜಿಯವರ ನಿಲುವು. ನಮ್ಮ ಕಾವ್ಯಮೀಮಾಂಸೆಯನ್ನು ಬಲ್ಲವರಿಗೆ ಇದು ಅಪರಿಚಿತವಾದ ವಿಚಾರವಲ್ಲ. ಶಬ್ದಾರ್ಥಗಳು ಕೂಡಿರುವುದೇ ಕಾವ್ಯವೆಂದು ಭಾಮಹನು ಹೇಳಿದ ಮೇಲೆ, ಆ ಕೂಡುವಿಕೆ ಎಂಥದೆಂಬುದನ್ನು ಕುಂತಕನು ವಿವರಿಸಿದನು. ಒಂದು ಇನ್ನೊಂದಕ್ಕಿಂತ ಕಡಮೆಯೂ ಆಗದೆ ಹೆಚ್ಚೂ ಆಗದೆ, ಒಂದರೊಡನೊಂದು ಸ್ಪರ್ಧಿಸುತ್ತ ನಿಲ್ಲುವ ಸ್ಥಿತಿಯೇ ಅವನ ಮತದಲ್ಲಿ ಸಾಹಿತ್ಯ. ಅದನ್ನೇ ಅವನು ‘ಅನ್ಯೂನಾನತಿರಿಕ್ತತ್ವ’ವೆಂದು ಕರೆದನು. ಶಬ್ದಾರ್ಥಗಳ ಸ್ಥಾನದಲ್ಲಿ ಬರಹ-ಚಿತ್ರಗಳನ್ನಿಟ್ಟು ನೋಡಿದರೆ ಏಜಿ-ಎವನ್ಸರು ಸಾಧಿಸಹೊರಟುದು ಇದೇ ಎಂದು ಹೇಳಬಹುದು. ಗಜರ್ ಎಂದು ಏಜಿ ಹೆಸರಿಟ್ಟ ಸಂಸಾರದ ಮನೆಯ ಹಲಗೆ, ಮೇಜು, ದೀಪ, ಬಟ್ಟೆಗಳನ್ನು ಅವರು ಪುಟಗಟ್ಟಲೆ ವರ್ಣಿಸುತ್ತಾರೆ. ಎವನ್ಸರ ಚಿತ್ರವಾದರೋ ಅದೇ ಮನೆಯನ್ನು ಶಾಂತವಾಗಿ, ನೇರವಾಗಿ ತೋರಿಸಿ ಸುಮ್ಮನಾಗುತ್ತದೆ. ಮಾತು ಉದ್ವೇಗದಿಂದ ತುಂಬಿದೆ, ಚಿತ್ರ ನಿರುದ್ವಿಗ್ನವಾಗಿದೆ. ಈ ಸ್ಪರ್ಧೆಯಿಂದ ಎರಡೂ ಬೆಳಗುತ್ತವೆ.

ಇಷ್ಟನ್ನು ಮನಸಾರ ಒಪ್ಪಿಯೂ ನಮ್ಮ ಮೊದಲಿನ ಪ್ರಶ್ನೆಯನ್ನು ಇಲ್ಲಿಯೂ ಹಾಕಬೇಕಾಗಿದೆ. ಅಡಿಯಲ್ಲಿ ಮಾತೇ ಇಲ್ಲದಿದ್ದರೆ ಪರರ ಬಾಯಲ್ಲಿ ಮಾತಿಟ್ಟ ದೋಷ ತಪ್ಪಿತು, ದಿಟ. ಆದರೆ ಆ ಜನರ ಸ್ವಂತ ಮಾತು ಬಂತೆ? ನಾಲ್ಕು ನೂರಕ್ಕೂ ಮಿಕ್ಕ ಪುಟಗಳಲ್ಲಿ ನಾವು ಹೆಚ್ಚಾಗಿ ಕೇಳುವುದು ಏಜಿಯವರ ಧ್ವನಿಯನ್ನು: ಅವರ ಸಂಕೋಚ, ಅವರ ಅಪರಾಧಭಾವ, ಅವರ ಆರಾಧನೆ. ಸಾಧ್ಯವಾಗಿದ್ದರೆ ತಾವು ಏನನ್ನೂ ಬರೆಯದೆ ಛಾಯಾಚಿತ್ರಗಳನ್ನೂ ಬಟ್ಟೆಯ ಚೂರುಗಳನ್ನೂ ಮಣ್ಣಿನ ಹೆಂಟೆಗಳನ್ನೂ ಆಡಿದ ಮಾತುಗಳ ದಾಖಲೆಯನ್ನೂ ಮುಂದಿಡುತ್ತಿದ್ದೆವೆಂದು ಅವರೇ ಒಂದೆಡೆ ಹೇಳುತ್ತಾರೆ. ಆ ಪಟ್ಟಿಯಲ್ಲಿ ಮಣ್ಣಿನ ಹೆಂಟೆಯನ್ನು ಪುಸ್ತಕದಲ್ಲಿಡುವುದು ಅಸಾಧ್ಯ; ಆಡಿದ ಮಾತನ್ನು ಇಡುವುದು ಸಾಧ್ಯವಿತ್ತು. ಡೇಲ್ ಮಹಾರಿಜ್ ಮತ್ತು ಮೈಕೇಲ್ ವಿಲಿಯಮ್‌ಸನ್ ಅವರು ‘ಆ್ಯಂಡ್ ದೇರ್ ಚಿಲ್ಡ್ರನ್ ಆಫ್ಟರ್ ದೆಮ್’ ಎಂಬ ಹೆಸರಿನಲ್ಲಿ ೧೯೮೯ರಲ್ಲಿ ಹೊರಬಂದ ಪುಸ್ತಕಕ್ಕಾಗಿ ಆ ಸಂಸಾರಗಳ ಮುಂದಿನ ತಲೆಮಾರನ್ನು ಹುಡುಕಿಕೊಂಡು ಹೋದರು. ತಮ್ಮವರ ಬಡತನ ಲೋಕಪ್ರಸಿದ್ಧವಾದುದಕ್ಕೆ ನೊಂದವರೂ ಅಲ್ಲಿದ್ದರು. ಮೌನವು ಗೌರವದ ಒಂದು ರೂಪವೆಂಬುದು ನಿಜ; ಗೌರವಿಸಲ್ಪಟ್ಟವರಿಗೆ ಅದು ಉತ್ತರ ಹೇಳುವ ಅವಕಾಶವನ್ನು ಕೊಡಲಿಲ್ಲವೆಂಬುದೂ ಅಷ್ಟೇ ನಿಜ.

೬

ಈಗ ೧೯೩೯ರಲ್ಲಿ ಪ್ರಕಟವಾದ ‘ಆ್ಯನ್ ಅಮೆರಿಕನ್ ಎಕ್ಸೊಡಸ್’ ಎಂಬ ಪುಸ್ತಕಕ್ಕೆ ಬರೋಣ. ಲ್ಯಾಂಗ್ ಮತ್ತು ಟೇಲರ್ ದಂಪತಿಗಳ ಈ ಕೃತಿ ಸಾಹಿತ್ಯಚರಿತ್ರೆಗಳಲ್ಲಿ ಏಜಿ-ಎವನ್ಸರ ಪುಸ್ತಕದಷ್ಟು ಎತ್ತರದ ಸ್ಥಾನವನ್ನು ಪಡೆದಿಲ್ಲ. ಟೇಲರರು ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಅಧ್ಯಾಪಕರಾಗಿದ್ದರು. ಅವರ ಗದ್ಯ ವಿದ್ವಾಂಸನ ಗದ್ಯ, ಏಜಿಯವರ ಗದ್ಯದ ಭವ್ಯತೆ ಅದಕ್ಕಿಲ್ಲ. ವಲಸೆಯ ಈ ವಿಷಯವನ್ನೇ ಕುರಿತು ಅದೇ ವರ್ಷ ಹೊರಬಂದ ಸ್ಟೈನ್‌ಬೆಕ್ಕರ ‘ದಿ ಗ್ರೇಪ್ಸ್ ಆಫ್ ರ‍್ಯಾತ್’ ಕಾದಂಬರಿಯ ಪ್ರಭೆಯಲ್ಲಿ ಇದು ಮಂಕಾಯಿತು. ಯುದ್ಧ ಬಂದು ಜನರ ಗಮನವೂ ಬೇರೆಡೆಗೆ ಹರಿಯಿತು. ಪರಿಷ್ಕೃತ ಮುದ್ರಣ ಬಂದುದು ೧೯೬೯ರಲ್ಲಿ.

ಛಾಯಾಚಿತ್ರ, ಅಡಿಬರಹ, ವಿವರಣೆ ಎಂಬ ಮೂರು ಕಾಲುಗಳ ಮೇಲೆ ತಮ್ಮ ವಿಷಯ ನಿಂತಿದೆಯೆಂದು ಗ್ರಂಥಕರ್ತರು ಹೇಳಿದ್ದಾರೆ. ಈ ಮೂರಕ್ಕೂ ಬೇರೆ ಬೇರೆ ಒಡೆಯರುಂಟು. ಚಿತ್ರ ಲ್ಯಾಂಗ್ ಅವರದು, ವಿವರಣೆ ಟೇಲರರದು, ಚಿತ್ರದ ಅಡಿಯಲ್ಲಿ ಉದ್ಧರಣ ಚಿಹ್ನೆಯೊಳಗಿರುವ ಮಾತು ಆ ಜನರದು. ಅವರು ಹೇಳಿದುದನ್ನೇ ವರದಿ ಮಾಡಿದ್ದೇವೆ, ಅವರ ಮನಸ್ಸಿನಲ್ಲಿ ಏನಿದ್ದಿರಬಹುದೆಂದು ನಾವು ಊಹಿಸಿ ಬರೆದಿಲ್ಲ ಎಂಬ ಅರ್ಥದ ಪ್ರತಿಜ್ಞೆ ಮುನ್ನುಡಿಯಲ್ಲಿದೆ. ಇದು ಎರಡು ವರ್ಷದ ಹಿಂದಿನ ಕಾಲ್ಡ್‌ವೆಲ್ಲರ ಪುಸ್ತಕಕ್ಕೆ ಕೊಟ್ಟ ಉತ್ತರವೆಂಬುದು ಸ್ಪಷ್ಟ. ಪುಸ್ತಕದ ರಟ್ಟನ್ನು ತೆರೆದ ಕೂಡಲೆ ಕಾಣುವ ಒಳಹಾಳೆಗಳ ತುಂಬ ದಾರಿಹೋಕ ಕೂಲಿಗಳ ಮಾತುಗಳೇ ಅಚ್ಚಾಗಿವೆ. ಗ್ರಂಥಕರ್ತರಿಗಿಂತ ಮೊದಲು ಅವರೇ ಓದುಗನನ್ನು ಎದುರುಗೊಳ್ಳುತ್ತಾರೆ.

ಇದರ ಹಿಂದೆ ಇದ್ದುದು ಅಭ್ಯಾಸದ ಶಿಸ್ತು. ಟೇಲರರು ೧೯೨೦ರ ದಶಕದ ಕೊನೆಯಿಂದಲೇ ಮೆಕ್ಸಿಕೊದ ಕೃಷಿಕಾರ್ಮಿಕರನ್ನು ಮಾತನಾಡಿಸಿ ಅವರ ಹೇಳಿಕೆಗಳನ್ನು ಬರೆದುಕೊಳ್ಳುತ್ತಿದ್ದರು. ಲ್ಯಾಂಗ್ ಚಿತ್ರ ತೆಗೆದ ಮೇಲೆ ಕೇಳಿದ ಮಾತು ಮಾಸುವ ಮೊದಲೇ ಟಿಪ್ಪಣಿ ಪುಸ್ತಕದಲ್ಲಿ ಗುರುತುಮಾಡಿಕೊಳ್ಳುವುದನ್ನು ರೂಢಿಸಿಕೊಂಡರು. ೧೯೩೫ರಲ್ಲಿ ಇವರು ಚಿತ್ರಸಹಿತವಾಗಿ ಸಲ್ಲಿಸಿದ ವರದಿಗಳು ಕ್ಯಾಲಿಫೋರ್ನಿಯದಲ್ಲಿ ವಲಸೆ ಕಾರ್ಮಿಕರಿಗಾಗಿ ಮೊದಲ ಸರ್ಕಾರಿ ಶಿಬಿರಗಳು ಏಳಲು ನೆರವಾದವು. ೧೯೩೮ರಲ್ಲಿ ಟೆಕ್ಸಸ್ಸಿನಲ್ಲಿ ತೆಗೆದ ಒಂದು ಚಿತ್ರದಲ್ಲಿ ಟ್ರ್ಯಾಕ್ಟರಿನ ನೇಗಿಲ ಸಾಲುಗಳು ಬರಿದಾದ ಮನೆಯೊಂದರ ಬಾಗಿಲವರೆಗೂ ಬಂದಿವೆ; ಮನುಷ್ಯರೇ ಇಲ್ಲ. ಅದೇ ಸೀಮೆಯ ಇನ್ನೊಂದು ಚಿತ್ರದಲ್ಲಿ ಒಬ್ಬ ಹೆಂಗಸು ಒಂದು ಕೈಯನ್ನು ಹಣೆಗೂ ಇನ್ನೊಂದನ್ನು ಕೊರಳಿಗೂ ಇಟ್ಟು ಬಿಸಿಲಲ್ಲಿ ನಿಂತಿದ್ದಾಳೆ; ಬದುಕನ್ನೂ ಸಾವನ್ನೂ ಕುರಿತು ಆಕೆಯಾಡಿದ ಕೆಲವೇ ಮಾತುಗಳು ಅದರೊಡನೆ ಇವೆ. ಆ ಮಾತಿನಲ್ಲಿರುವ ಒಣ ಗಡಸುತನವನ್ನು ಯಾವ ಕಾದಂಬರಿಕಾರನೂ ಆ ಮುಖಕ್ಕೆ ಊಹಿಸಿ ಕೊಡಲಾರನೆಂದು ನಮ್ಮ ನಂಬಿಕೆ.

ಇದಕ್ಕೆ ಆಕ್ಷೇಪವುಂಟು. ನೂರು ಮಾತುಗಳಲ್ಲಿ ಹತ್ತನ್ನು ಆರಿಸುವವರೂ ಗ್ರಂಥಕರ್ತರೇ. ಆರಿಸುವುದೂ ಒಂದು ಬಗೆಯ ರಚನೆಯೇ ಎಂದು ಹೇಳಬಹುದು. ಸರಿ. ಆದರೆ ಆರಿಸಿದ ಮಾತನ್ನು ಪರೀಕ್ಷಿಸಬಹುದು, ಕಲ್ಪಿಸಿದ ಮಾತನ್ನು ಪರೀಕ್ಷಿಸಲಾಗದು. ಲ್ಯಾಂಗ್ ಅವರ ಕ್ಷೇತ್ರಟಿಪ್ಪಣಿಗಳು ಓಕ್ಲೆಂಡ್ ಮ್ಯೂಸಿಯಮ್ಮಿನಲ್ಲಿಯೂ ಸರ್ಕಾರಿ ಕೆಲಸದ ನೆಗೆಟಿವುಗಳು ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿಯೂ ಉಳಿದಿವೆ. ಸಾಕ್ಷಿ ಪಾಟೀಸವಾಲಿಗೆ ಸಿದ್ಧವಾಗಿದೆಯೆಂದೇ ಇದರ ಅರ್ಥ.

ಪರರ ಪರವಾಗಿ ಮಾತನಾಡುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ೧೯೪೧ರಲ್ಲಿ ರಿಚರ್ಡ್ ರೈಟ್ ಅವರು ‘ಟ್ವೆಲ್ವ್ ಮಿಲಿಯನ್ ಬ್ಲ್ಯಾಕ್ ವಾಯ್ಸಸ್’ ಎಂಬ ಪುಸ್ತಕದಲ್ಲಿ ಅದೇ ಸರ್ಕಾರಿ ಸಂಗ್ರಹದ ಚಿತ್ರಗಳಿಗೆ ಬರಹ ರಚಿಸುವಾಗ ‘ನಾವು’ ಎಂದೇ ಬರೆದರು. ಆದರೆ ಅವರು ಆ ಜನಾಂಗಕ್ಕೇ ಸೇರಿದವರು, ಮಿಸಿಸಿಪ್ಪಿಯ ಗೇಣಿದಾರನ ಮಗ. ಮಾತನಾಡುತ್ತಿರುವವನು ಲೇಖಕನೆಂಬುದು ಅಲ್ಲಿ ಮರೆಯಾಗಿಲ್ಲ. ಒಬ್ಬೊಬ್ಬ ವ್ಯಕ್ತಿಯ ಮುಖಕ್ಕೆ ಒಂದೊಂದು ಹುಸಿ ಮಾತನ್ನು ಅವರು ಕಟ್ಟಲಿಲ್ಲ.

ಈ ತತ್ತ್ವದ ಬೆಲೆ ಎಷ್ಟೆಂಬುದನ್ನು ಅದು ಪಾಲನೆಯಾಗದ ಎಡೆಯಲ್ಲಿಯೇ ಹೆಚ್ಚು ಚೆನ್ನಾಗಿ ಕಾಣಬಹುದು. ೧೯೩೬ರ ಮಾರ್ಚಿಯಲ್ಲಿ ಕ್ಯಾಲಿಫೋರ್ನಿಯದ ನಿಪೋಮೊ ಎಂಬಲ್ಲಿ ಬಟಾಣಿ ಕೊಯ್ಯುವ ಕೂಲಿಗಳ ಬಿಡಾರದಲ್ಲಿ ಲ್ಯಾಂಗ್ ತೆಗೆದ ತಾಯಿಯ ಚಿತ್ರವನ್ನು ಅರಿಯದವರಿಲ್ಲ. ಅಂದು ಟೇಲರರು ಜೊತೆಯಲ್ಲಿರಲಿಲ್ಲ; ಲ್ಯಾಂಗ್ ಅವಸರದಲ್ಲಿದ್ದರು. ಕೆಲವೇ ನಿಮಿಷ ಅಲ್ಲಿದ್ದು ಹೊರಟರು, ಹೆಸರನ್ನು ಕೇಳಲಿಲ್ಲ. ೩೨ ವಯಸ್ಸಿನ, ಏಳು ಮಕ್ಕಳ ತಾಯಿ, ನಿರ್ಗತಿಕ ಕೂಲಿ ಎಂಬುದಷ್ಟೇ ಅಡಿಬರಹದಲ್ಲಿ ಉಳಿಯ್ತು. ಆಹಾರಕ್ಕಾಗಿ ಮೋಟಾರಿನ ಟೈರುಗಳನ್ನು ಮಾರಿದ್ದರೆಂಬ ಮಾತನ್ನೂ ಲ್ಯಾಂಗ್ ಬರೆದರು. ಆ ಸಂಸಾರದವರು ಮುಂದೆ ಅದನ್ನು ಅಲ್ಲಗಳೆದರು. ೧೯೭೮ರಲ್ಲಿ ಆಕೆ ತಾನು ಯಾರೆಂಬುದನ್ನು ಪತ್ರಿಕೆಯ ಮೂಲಕ ತಾನೇ ತಿಳಿಸಬೇಕಾಯಿತು. ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್. ಚೆರೊಕಿ ಮೂಲದ ಹೆಂಗಸು. ಧೂಳಿನ ಬಿರುಗಾಳಿಗಿಂತ ವರ್ಷಗಳ ಮೊದಲೇ ಕ್ಯಾಲಿಫೋರ್ನಿಯಕ್ಕೆ ಬಂದಿದ್ದವರು. ಬಯಲುಸೀಮೆಯಿಂದ ಓಡಿಬಂದ ಬಿಳಿಯರ ತಾಯಿಯೆಂದು ನಲವತ್ತೆರಡು ವರ್ಷ ಲೋಕ ಆಕೆಯನ್ನು ನೋಡಿತ್ತು. ಆ ಚಿತ್ರದಿಂದ ತನಗೇನೂ ದೊರೆಯಲಿಲ್ಲವೆಂಬ ಕಹಿ ಆಕೆಯ ಮಾತಿನಲ್ಲಿತ್ತು. ಚಿತ್ರ ಶ್ರೇಷ್ಠವಾಗಿದ್ದೂ ಮಾತು ಕೊರತೆಯಾದಾಗ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ. ಏಜಿಯವರೂ ನಿಜವಾದ ಹೆಸರುಗಳನ್ನು ಕೊಡಲಿಲ್ಲ. ಆದರೆ ಅವರು ಹೆಸರನ್ನು ತಿಳಿದು, ಆ ಜನರ ರಕ್ಷಣೆಗಾಗಿ ಮರೆಮಾಡಿದರು. ಮರೆಮಾಡುವುದು ಬೇರೆ, ಕೇಳದೆ ಬಿಡುವುದು ಬೇರೆ.

ಆದುದರಿಂದ ಗದ್ಯದ ಸೊಬಗನ್ನು ಅಳೆದರೆ ಏಜಿಯವರಿಗೂ, ಚಿತ್ರದ ಘನತೆಯನ್ನು ಅಳೆದರೆ ಎವನ್ಸರಿಗೂ ಮೊದಲ ಮಣೆ ಸಲ್ಲಲಿ. ಆದರೆ ಚಿತ್ರ-ಬರಹಗಳ ಸಂಬಂಧವನ್ನು ಸಾಕ್ಷ್ಯವೆಂಬ ದೃಷ್ಟಿಯಿಂದ ಅಳೆಯುವುದಾದರೆ ‘ಆ್ಯನ್ ಅಮೆರಿಕನ್ ಎಕ್ಸೊಡಸ್’ ಈಗಿರುವುದಕ್ಕಿಂತ ಎತ್ತರದ ಸ್ಥಾನಕ್ಕೆ ಅರ್ಹವೆಂಬುದು ನಮ್ಮ ಖಚಿತವಾದ ಅಭಿಪ್ರಾಯ.

೭

ಈ ವಿಚಾರ ದೂರದೇಶದ ನಾಲ್ಕಾರು ಪುಸ್ತಕಗಳಿಗಷ್ಟೇ ಸಂಬಂಧಿಸಿದುದಲ್ಲ. ಕ್ಷಾಮದ ಛಾಯಾಚಿತ್ರಗಳು ನಮ್ಮ ದೇಶದಲ್ಲಿ ಇದಕ್ಕೆ ಅರವತ್ತು ವರ್ಷಗಳ ಹಿಂದೆಯೇ ತೆಗೆಯಲ್ಪಟ್ಟಿದ್ದವು. ೧೮೭೬-೭೮ರ ಮಹಾಕ್ಷಾಮವನ್ನು ನಮ್ಮ ಹಿರಿಯರು ಧಾತು-ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದರು. ೧೮೭೧ರಲ್ಲಿ ಸುಮಾರು ೫೦ ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೮೧ರ ಗಣತಿಯಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದಿತ್ತು. ಆ ಕಾಲದಲ್ಲಿ ಮದ್ರಾಸಿನ ಅಶ್ವದಳದ ಅಧಿಕಾರಿ ಡಬ್ಲ್ಯು. ಡಬ್ಲ್ಯು. ಹೂಪರ್ ಕ್ಷಾಮಪೀಡಿತರನ್ನು ಗುಂಪುಗುಂಪಾಗಿ ಕೂರಿಸಿ, ನಿಲ್ಲಿಸಿ, ಚಿತ್ರ ತೆಗೆದನು. ೧೮೭೭ರ ಅಕ್ಟೋಬರಿನಲ್ಲಿ ಲಂಡನ್ನಿನ ಸಚಿತ್ರ ಪತ್ರಿಕೆಗಳಲ್ಲಿ ಬೆಂಗಳೂರಿನಲ್ಲಿ ಪರಿಹಾರಕ್ಕಾಗಿ ಕಾದು ಕುಳಿತವರ ಚಿತ್ರವೂ ಬಳ್ಳಾರಿ ಜಿಲ್ಲೆಯ ಅನಾಥ ಮಕ್ಕಳಿಬ್ಬರ ಚಿತ್ರವೂ ಅಚ್ಚುಕೊರೆತದ ರೂಪದಲ್ಲಿ ಬಂದವು.

ಹೂಪರನ ಒಂದು ಚಿತ್ರದ ಅಡಿಬರಹವನ್ನು ನೋಡೋಣ. ಎಲುಬು ಕಾಣುವ ದೇಹಗಳ ಕೆಳಗೆ, ಇವರು ಧರ್ಮಾರ್ಥ ಪರಿಹಾರಕ್ಕೆ ಅರ್ಹರೆಂಬ ಅರ್ಥದ ಮಾತಿದೆ. ಇದು ಕನಿಕರದ ಮಾತಲ್ಲ, ಕಚೇರಿಯ ಮಾತು. ಅಂದಿನ ಪರಿಹಾರಕ್ರಮದಲ್ಲಿ ಮೈಯಲ್ಲಿ ಕಸುವುಳ್ಳವರು ಕೂಲಿ ಕೆಲಸಕ್ಕೆ ಹೋಗಬೇಕಾಗಿತ್ತು. ಅಶಕ್ತರಿಗೆ ಮಾತ್ರ ದುಡಿಮೆಯಿಲ್ಲದೆ ಅನ್ನ. ಯಾರು ಯಾವ ವರ್ಗಕ್ಕೆ ಸೇರಿದವರೆಂಬ ತೀರ್ಪು ಅಧಿಕಾರಿಗೆ ಸೇರಿದ್ದಿತು. ಅಡಿಬರಹ ಆ ತೀರ್ಪನ್ನೇ ಮತ್ತೊಮ್ಮೆ ಘೋಷಿಸಿ, ಚಿತ್ರವನ್ನು ಒಂದು ಅರ್ಹತಾಪತ್ರವನ್ನಾಗಿ ಮಾಡಿತು. ಆ ಜನರ ಹೆಸರಿಲ್ಲ, ಊರಿಲ್ಲ, ಮಾತಿಲ್ಲ.

ಹೀಗಾಗಬೇಕಾದುದು ಅನಿವಾರ್ಯವೇನೂ ಆಗಿರಲಿಲ್ಲ. ಚಿತ್ರವನ್ನೂ ಬರಹವನ್ನೂ ಒಂದೇ ಕಲ್ಲಿನಲ್ಲಿ ಕೂಡಿಸುವ ಪದ್ಧತಿ ನಮ್ಮ ನಾಡಿನಲ್ಲಿ ಸಾವಿರ ವರ್ಷಕ್ಕೂ ಹಳೆಯದು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಕಲ್ಲಿನಲ್ಲಿ ಒಂದು ನಾಯಿ ಕಾಡುಹಂದಿಯೊಡನೆ ಹೋರಾಡುತ್ತಿರುವ ಶಿಲ್ಪವಿದೆ. ಅದರೊಡನಿರುವ ಶಾಸನ ಆ ನಾಯಿಯ ಹೆಸರು ಕಾಳಿಯೆಂದೂ ಅದನ್ನು ಬೂತುಗನಿಂದ ಪಡೆದವನು ಮಣಲೇರನೆಂದೂ ನಾಯಿ ಹಂದಿಗಳೆರಡೂ ಸತ್ತವೆಂದೂ ತಿಳಿಸುತ್ತದೆ. ಶಿಲ್ಪ ಕೃತ್ಯವನ್ನು ತೋರಿಸುತ್ತದೆ. ಅಕ್ಷರ ಹೆಸರನ್ನು ಉಳಿಸುತ್ತದೆ. ಶಿಲ್ಪ ಮಾಡಲಾರದುದನ್ನಷ್ಟೇ ಅಕ್ಷರ ಮಾಡಿದೆ. ಅರಸೊತ್ತಿಗೆಯ ಕಾಲದಲ್ಲಿ ಒಂದು ಬೇಟೆನಾಯಿಗೆ ದೊರೆತ ಹೆಸರಿನ ಮರ್ಯಾದೆ ೧೮೭೭ರ ಚಿತ್ರಗಳಲ್ಲಿ ಮನುಷ್ಯರಿಗೆ ದೊರೆಯಲಿಲ್ಲ.

ಇಂಥ ಚಿತ್ರಗಳನ್ನು ಇಂದು ಅಭ್ಯಸಿಸುವವರ ಕರ್ತವ್ಯವೇನು? ಮೊದಲನೆಯದಾಗಿ, ಚಿತ್ರವನ್ನು ಅದರ ಮೂಲದ ಅಡಿಬರಹದೊಡನೆಯೇ ಅಚ್ಚುಮಾಡಬೇಕು. ಅದು ಅಹಿತವೆಂದು ಕೈಬಿಡಬಾರದು, ಏಕೆಂದರೆ ಚಿತ್ರ ಯಾವ ಕೆಲಸಕ್ಕಾಗಿ ಹುಟ್ಟಿತೆಂಬುದನ್ನು ಹೇಳುವುದು ಅದೊಂದೇ. ಎರಡನೆಯದಾಗಿ, ಕತ್ತರಿಸಿದ ಪ್ರತಿ, ಕೊರೆದ ಪ್ರತಿ, ಮೂಲ ಪ್ರತಿಗಳನ್ನು ಹೋಲಿಸಿ ಪಾಠಭೇದಗಳನ್ನು ಗುರುತಿಸಬೇಕು. ಮೂರನೆಯದಾಗಿ, ಮಾತಿನ ಒಡೆಯನು ಅಧಿಕಾರಿಯೋ, ಪತ್ರಿಕೆಯವನೋ, ಲೇಖಕನೋ, ಚಿತ್ರದಲ್ಲಿರುವವನೇ ಆಗಿದ್ದಾನೋ ಎಂಬುದನ್ನು ನಿರ್ಣಯಿಸಬೇಕು. ಇವುಗಳಲ್ಲಿ ಯಾವುದನ್ನೂ ಸಾಹಿತ್ಯ ವಿಭಾಗವೊಂದೇ, ಚರಿತ್ರೆಯ ವಿಭಾಗವೊಂದೇ, ಕಲೆಯ ವಿಭಾಗವೊಂದೇ ಮಾಡಿ ಮುಗಿಸುವಂತಿಲ್ಲ. ಮೂವರೂ ಒಂದೇ ಮೇಜಿನ ಮುಂದೆ ಕುಳಿತುಕೊಳ್ಳಬೇಕು.

ಕೊನೆಯ ಕರ್ತವ್ಯವೊಂದಿದೆ; ಅದು ಸಂಯಮದ್ದು. ಆ ಮಹಾಕ್ಷಾಮದ ಚಿತ್ರಗಳಲ್ಲಿರುವವರು ಏನು ಹೇಳಿದರೆಂಬುದು ಚಿತ್ರಗಳೊಡನೆ ಉಳಿದುಬಂದಿಲ್ಲ. ಬರಗಾಲದ ಕಥೆಗಳು ಜನರ ಬಾಯಲ್ಲಿ ಉಳಿದಿರಬಹುದು. ಕಚೇರಿಯ ಕಡತಗಳಲ್ಲಿ ಅರ್ಜಿಗಳೂ ಹೇಳಿಕೆಗಳೂ ಸಿಕ್ಕಬಹುದು. ಅವೆಲ್ಲವನ್ನೂ ಹುಡುಕಿ ಸಂಗ್ರಹಿಸಬೇಕು. ಆದರೆ ಅವು ಬೇರೆಯವರ ಮಾತುಗಳು. ಅವುಗಳನ್ನು ಆ ಚಿತ್ರಗಳ ಪಕ್ಕದಲ್ಲಿ, ಯಾರವೆಂಬುದನ್ನು ತಿಳಿಸಿ, ಇಡಬಹುದು. ಅಡಿಯಲ್ಲಿ ಇಡಬಾರದು. ಆ ಜಾಗ ಚಿತ್ರದಲ್ಲಿರುವವರಿಗೆ ಸೇರಿದ್ದು. ಅವರ ಮಾತು ದೊರೆಯದಿದ್ದರೆ ಅದು ಬರಿದಾಗಿಯೇ ಉಳಿಯಲಿ.